ಡೀಸೆಲ್ ಟಾಕಿಗೆ ಕೀಲಿ

ಗಾಡಿಯಲ್ಲಿ ದೋಷವಿಲ್ಲ ಎಂದು ನಾನು ಎರಡು ಸಲ ಸಹಿ ಮಾಡಿದ್ದೆ. ಎರಡನೆಯ ಸಹಿಯಾದ ಒಂಬತ್ತನೆಯ ದಿನ ಆ ಗಾಡಿ ಶೇಡಬಾಳ ದಾಟಿ ಕಾಗವಾಡದ ಈಚೆ ನಿಂತುಬಿಟ್ಟಿತು. ಒಳಗೆ ಮಲಗಿದ್ದ ಹೆಣ್ಣುಮಗಳು ಮಿರಜಿನ ಆಸ್ಪತ್ರೆಯ ಬಾಗಿಲಲ್ಲಿ ತೀರಿಕೊಂಡಳು.

ಆಗ ನಾನು ಒಂದು ಸಕ್ಕರೆ ಕಾರ್ಖಾನೆಯ ವಾಹನ ವಿಭಾಗದಲ್ಲಿ ತರಬೇತಿ ಎಂಜಿನಿಯರ್ ಆಗಿದ್ದೆ. ನಮ್ಮ ಕಡೆಗೆ ಸರ್ಕಾರದ ತುರ್ತು ವಾಹನಗಳು ಇನ್ನೂ ಬಂದಿರಲಿಲ್ಲ. ಹಂಗಾಮಿನಲ್ಲಿ ಕಬ್ಬು ಕಡಿಯಲು ಬರುವ ಟೋಳಿಗಳು ಹೊಲದ ಬದಿಯಲ್ಲೇ ಗುಡಿಸಲು ಹಾಕಿಕೊಂಡು ಇರುತ್ತಿದ್ದವು. ಅವರಿಗೆ ಏನಾದರೂ ಆದರೆ ಮಿರಜಿಗೆ ಒಯ್ಯಲು ಕಾರ್ಖಾನೆಯದೊಂದು ಹಳೆಯ ಡೀಸೆಲ್ ಜೀಪು ಇತ್ತು. ಹಿಂದೆ ತಗಡಿನ ಗೂಡು ಕೂಡಿಸಿ, ಒಂದು ಉದ್ದನೆಯ ಹಲಗೆ ಹಾಕಿ, ಹೊರಗೆ ಕೆಂಪು ಬಣ್ಣದಲ್ಲಿ ಆಂಬ್ಯುಲೆನ್ಸ್ ಎಂದು ಬರೆಸಿದ್ದರು. ಟೋಳಿಗಳು ಹೆಚ್ಚಾಗಿ ಐನಾಪುರ, ಉಗಾರ ಬುದ್ರುಕದ ಕಡೆ ಇಳಿಯುತ್ತಿದ್ದುದರಿಂದ ಗಾಡಿ ರಾತ್ರಿ ಐನಾಪುರದಲ್ಲಿ ಚಾಲಕನ ಮನೆಯ ಮುಂದೆಯೇ ನಿಲ್ಲುತ್ತಿತ್ತು.

ಚಾಲಕನಿಗೆ ನಲವತ್ತೈದರ ಆಸುಪಾಸು. ಎಲ್ಲರೂ ಅವನನ್ನು ಮಾಮಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಕುರಿ ಸಾಕುವ ಮನೆತನ. ಮನೆಯಲ್ಲಿ ಹೆಂಡತಿ, ಎಪ್ಪತ್ತು ದಾಟಿದ ತಾಯಿ, ಹಿತ್ತಲಲ್ಲಿ ಹತ್ತೆಂಟು ಕುರಿ.

ಆ ವರ್ಷ ಹಂಗಾಮು ಶುರುವಾಗುವ ಮುಂಚೆ ವಿಭಾಗದ ಅಧಿಕಾರಿ ಒಂದು ಕ್ರಮ ತೆಗೆದುಕೊಂಡರು. ಹಳೆಯ ಗಾಡಿಗಳ ಡೀಸೆಲ್ಲನ್ನು ಚಾಲಕರು ಮಾರಿಕೊಳ್ಳುತ್ತಾರೆ ಎಂಬ ಸಂಶಯ ಅವರಿಗೆ ಮೊದಲಿನಿಂದಲೂ ಇತ್ತು. ಎಲ್ಲ ಹಳೆಯ ಗಾಡಿಗಳ ಟಾಕಿಗೂ ಕೀಲಿ ಇರುವ ಮುಚ್ಚಳ ಹಾಕಿಸಿದರು. ಕೀಲಿಕೈ ಕಾರ್ಖಾನೆಯ ಪಂಪಿನಲ್ಲಿ ಇರಬೇಕು, ಚಾಲಕರ ಕೈಯಲ್ಲಿ ಇರಕೂಡದು. ಹಳೆಯ ಮುಚ್ಚಳ ಸಡಿಲವಾಗಿ, ಅಲ್ಲಾಡುತ್ತ ಕೂರುತ್ತಿತ್ತು. ಹೊಸದು ರಬ್ಬರ್ ಸುತ್ತು ಇದ್ದ, ಬಿಗಿಯಾಗಿ ಕೂರುವ ಮುಚ್ಚಳ. ಅದರ ನೆತ್ತಿಯ ಮೇಲೆ ಸೂಜಿ ಹಿಡಿಯುವಷ್ಟು ಒಂದೇ ತೂತು.

ಮುಚ್ಚಳ ಬದಲಾದ ಹದಿನೈದು ಇಪ್ಪತ್ತು ದಿನಕ್ಕೆ ಮೊದಲ ದೂರು ಬಂತು. "ಅಕ್ಕಾರ, ಗಾಡಿ ಚಲೋ ಓಡಿ ಓಡಿ ಒಮ್ಮಿಂದೊಮ್ಮೆಲೆ ಬಲಾ ಬಿಡತೈತ್ರಿ. ಎರಡ ಸಲ ಎಳದಾಡತೈತಿ, ಬಂದಾಗತೈತಿ. ಏರ್ ತಗದು, ಸ್ವಲ್ಪ ಹೊತ್ತ ಕುಂತು ಹೊಡದ್ರ ಚಾಲೂ ಆಗತೈತಿ," ಎಂದ ಚಾಲಕ.

ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಎಂಜಿನ್ ನಿಲ್ಲುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಆ ಗಾಳಿಯನ್ನು ಹೊರಗೆ ಹಾಕಬೇಕು. ಅದಕ್ಕೇ ಚಾಲಕರು ಏರ್ ತೆಗೆಯುವುದು ಎನ್ನುತ್ತಾರೆ. ನಾನು ಟಾಕಿಯಿಂದ ಎಂಜಿನ್ನಿನವರೆಗೆ ಕ್ರಮವಾಗಿ ಹೊರಟೆ. ಕೆಳಗಿನ ಬೋಲ್ಟ್ ಬಿಚ್ಚಿ ಟಾಕಿ ಖಾಲಿ ಮಾಡಿಸಿ ತೊಳೆಸಿದೆ. ಒಳಗಿನ ಜಾಲರಿಯಲ್ಲಿ ತುಕ್ಕಿನ ಪುಡಿ ಇತ್ತು, ತೆಗೆಸಿದೆ. ಫಿಲ್ಟರ್ ಹೊಸದು ಹಾಕಿಸಿದೆ. ಪಂಪಿನ ಡೀಸೆಲ್ಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಎರಡು ದಿನ ಕಿಟಕಿಯಲ್ಲಿಟ್ಟು ನೋಡಿದೆ. ತಳದಲ್ಲಿ ನೀರಿಲ್ಲ, ಕಸವಿಲ್ಲ.

ಆಮೇಲೆ ಪರೀಕ್ಷೆ. ಕಾರ್ಖಾನೆಯ ಸುತ್ತಿನ ರಸ್ತೆ ಒಂದು ಸುತ್ತಿಗೆ ನಾಲ್ಕು ಕಿಲೋಮೀಟರ್. ಏಳು ಸುತ್ತು ಓಡಿಸಿದೆವು. ಪ್ರತಿ ಸುತ್ತಿನ ಕೊನೆಗೂ ನಾನು ಇಳಿದು, ಕೀಲಿ ತೆಗೆದು, ಅಳತೆಯ ಕೋಲು ಇಳಿಬಿಟ್ಟು, ಡೀಸೆಲ್ ಮಟ್ಟವನ್ನು ಬರೆದುಕೊಂಡೆ. ಒಮ್ಮೆಯೂ ನಿಲ್ಲಲಿಲ್ಲ. ಸಹಿ ಮಾಡಿದೆ.

ಎರಡು ವಾರದಲ್ಲಿ ಮತ್ತೆ ನಿಂತಿತು. ಈ ಸಲ ಫೀಡ್ ಪಂಪ್ ಬಿಚ್ಚಿಸಿದೆ. ಟಾಕಿಯಿಂದ ಡೀಸೆಲ್ ಎಳೆದು ಎಂಜಿನ್ನಿಗೆ ಕೊಡುವ ಸಣ್ಣ ಪಂಪು ಅದು. ವಾಲ್ವು, ಪರದೆ, ತಾಮ್ರದ ವಾಶರು, ರಬ್ಬರ್ ಪೈಪು ಎಲ್ಲವೂ ಹೊಸದಾದವು. ನಮ್ಮ ಶೆಡ್ಡಿನ ಮಿಸ್ತ್ರಿ ಕಾಕಾ ಕೈ ಒರೆಸಿಕೊಳ್ಳುತ್ತ, "ಮೇಡಂರಿ, ಇನ್ನ ಉಳದದ್ದು ನಂಬರ್ ಪ್ಲೇಟ್ ಒಂದ. ಅದನ್ನೂ ಬದಲಿ ಮಾಡೂಣೇನು?" ಎಂದರು. ಶೆಡ್ಡಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮತ್ತೆ ಏಳು ಸುತ್ತು, ಏಳು ಅಳತೆ, ಸಹಿ.

ಈ ನಡುವೆ ಒಂದು ಮುಂಜಾನೆ ಗಾಡಿಯನ್ನು ತಣ್ಣಗಿದ್ದಾಗಲೇ ನೋಡಬೇಕೆಂದು ಐನಾಪುರಕ್ಕೆ ಹೋಗಿದ್ದೆ. ಆಗ ಚಾಲಕನ ತಾಯಿ ಭಂಡಾರದ ಚೀಲ ಹಿಡಿದು ಹೊರಗೆ ಬಂದರು. ಭಂಡಾರವೆಂದರೆ ದೇವರ ಅರಿಶಿನಪುಡಿ. ಅದನ್ನು ಅಂಗೈಯಲ್ಲಿ ಹಾಕಿ, ಎರಡು ಹನಿ ಕುಸುಬಿ ಎಣ್ಣೆ ಬಿಟ್ಟು ಕಲಸಿ, ಜೀಪಿನ ಬದಿಗೆ ಹೋಗಿ ಟಾಕಿಯ ಮುಚ್ಚಳಕ್ಕೆ ಹೆಬ್ಬೆರಳಿನಿಂದ ಒತ್ತಿ ಹಚ್ಚಿದರು. ಮುಚ್ಚಳ ಇಡೀ ಹಳದಿಯಾಗಿತ್ತು.

"ಆಯಿ, ಎಲ್ಲಾರೂ ಮುಂದ ಬಾನೆಟ್ಟಿಗೆ ಹಚ್ಚತಾರ, ನೀವ್ಯಾಕ ಅಲ್ಲಿ?" ಎಂದು ಕೇಳಿದೆ.

"ಇದು ಅದರ ಬಾಯಿ ಅಲ್ಲೇನವಾ? ಕುರಿಗಿ ಖಾಯಿಲೆ ಬಂದ್ರ ನಾವು ಬಾಯಿಗೇ ಹಚ್ಚತೀವಿ. ಉಣ್ಣೂದು ಮೈಗೆ ಹತ್ತಬೇಕು ಅಂತ. ಈ ಗಾಡಿ ನಿಂದರಾಕತ್ತಿಂದ ಒಂದ ದಿನಾನೂ ತಪ್ಪಿಸಿಲ್ಲ ನೋಡ. ಮೊದಲ ಅಮಾಸಿಗೊಮ್ಮೆ ಹಚ್ಚತಿದ್ದೆ."

ಒಳ್ಳೆಯದು ಎಂದು ತಲೆಯಾಡಿಸಿದೆ. ನಾನು ನೋಡಲು ಬಂದದ್ದು ಪೈಪಿನ ಜೋಡಣೆಗಳನ್ನು. ಅವುಗಳನ್ನು ನೋಡಿಕೊಂಡು ವಾಪಸಾದೆ.

ಎರಡನೆಯ ಸಹಿಯಾದ ಒಂಬತ್ತನೆಯ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಉಗಾರ ಬುದ್ರುಕದ ಹೊಲದಲ್ಲಿ ಟೋಳಿಯ ಒಬ್ಬ ಹೆಣ್ಣುಮಗಳಿಗೆ ಹುಳ ಮುಟ್ಟಿತು. ಹಾವೆಂಬ ಮಾತನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಾಲಕ ಆಗಷ್ಟೇ ಪಂಪಿನಲ್ಲಿ ಟಾಕಿ ತುಂಬಿಸಿಕೊಂಡು ಬಂದಿದ್ದ. ಅವಳನ್ನೂ ಅವಳ ಗಂಡನನ್ನೂ ಹತ್ತಿಸಿಕೊಂಡು ಹೊರಟ. ಶೇಡಬಾಳ ದಾಟಿದ ಮೇಲೆ ಗಾಡಿ ಬಲ ಬಿಟ್ಟಿತು. ಅವಳ ಗಂಡ ಇಳಿದು ತಳ್ಳಿದ. ಚಾಲಕ ಏರ್ ತೆಗೆಯುತ್ತಲೇ ಇದ್ದ. ರಸ್ತೆಯಲ್ಲಿ ಎರಡು ಟ್ರ್ಯಾಕ್ಟರ್ ಬಂದವು, ಎರಡರಲ್ಲೂ ಕಬ್ಬು ತುಂಬಿತ್ತು. ಇಪ್ಪತ್ತು ನಿಮಿಷಕ್ಕೆ ಎಂಜಿನ್ ತಾನಾಗಿ ಹಿಡಿಯಿತು. ಆಸ್ಪತ್ರೆಯವರು ಚೀಟಿಯಲ್ಲಿ ಅವಳ ಹೆಸರು, ವಯಸ್ಸು, ತಂದ ವೇಳೆ ಬರೆದುಕೊಟ್ಟರು. ಆ ಚೀಟಿಯ ಪ್ರತಿ ನಮ್ಮ ಕಡತಕ್ಕೂ ಬಂತು. ನನ್ನ ವಯಸ್ಸೇ ಅವಳದೂ.

ಮೂರನೆಯ ದಿನ ಅಧಿಕಾರಿ ನನ್ನನ್ನೂ ಚಾಲಕನನ್ನೂ ಕರೆಸಿದರು.

"ಎಂಜಿನಿಯರ್ ಎರಡು ಸಲ ಗಾಡಿ ನೋಡ್ಯಾರ. ಎರಡು ಸಲಾನೂ ದೋಷಿಲ್ಲ ಅಂತ ಬರದಾರ. ಗಾಡ್ಯಾಗ ದೋಷಿಲ್ಲಂದ್ರ ಯಾರಾಗ ಐತಿ?" ಎಂದು ಚಾಲಕನನ್ನು ಕೇಳಿದರು. "ಮ್ಯಾಲ ಕೀಲಿ ಹಾಕಿದ್ವಿ, ನೀ ಕೆಳಗಿನ ಬೋಲ್ಟ್ ಬಿಚ್ಚಿ ಡೀಸೆಲ್ ತಗದಿ. ಬೋಲ್ಟಿಗೆ ಪಾನಾ ಹಾಕಿ ತಿರುವಿದ ಗುರುತು ಹೊಸಾದು ಐತಿ. ಅದರಾಗ ಕಸಾ ಹೊಕ್ಕೈತಿ."

"ಆ ಗುರುತು ನಂದ್ರಿ ಸರ್. ಟಾಕಿ ತೊಳಿಸೂ ಮುಂದ ನಾನ ಬಿಚ್ಚಿಸೀನಿ," ಎಂದೆ.

"ಒಂದ ಸಲ ನೀವು ಬಿಚ್ಚೀರಿ. ಆಮ್ಯಾಲ ಎಷ್ಟ ಸಲ ಬಿಚ್ಚ್ಯಾರ ಅನ್ನೂದು ನಿಮಗ ಗೊತ್ತೈತೇನು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳುವುದು ನನಗೆ ಆಗುವುದಿಲ್ಲ. ಸುಮ್ಮನಾದೆ. ಆ ಮೌನವನ್ನು ಅವರು ಒಪ್ಪಿಗೆ ಎಂದೇ ತೆಗೆದುಕೊಂಡರು. ಚಾಲಕನನ್ನು ಗಾಡಿಯಿಂದ ಇಳಿಸಿದರು. ವಾರದೊಳಗೆ ವಿಚಾರಣೆ, ಆಮೇಲೆ ಕೆಲಸದಿಂದಲೇ ತೆಗೆಯುವುದು ಎಂದಾಯಿತು. ಅಷ್ಟರಲ್ಲಿ ಟೋಳಿಗಳ ತನಕ ಮಾತು ಹೋಗಿತ್ತು: ಡೀಸೆಲ್ ಕದ್ದ, ಹೆಣ್ಣುಮಗಳನ್ನು ಕೊಂದ.

ಅಂದು ಮಧ್ಯಾಹ್ನ ಊಟಕ್ಕೆ ಹೋಗದೆ ನನ್ನ ಪರೀಕ್ಷೆಯ ಹಾಳೆಗಳನ್ನೂ ಗಾಡಿಯ ಲಾಗ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತೆ. ಒಂದು ವಿಷಯ ಕಾಣಿಸಿತು. ಗಾಡಿ ನಿಂತದ್ದೆಲ್ಲ ಟಾಕಿ ತುಂಬಿಸಿದ ದಿನವೋ ಮಾರನೆಯ ದಿನವೋ. ಅರ್ಧ ಟಾಕಿ ಇದ್ದಾಗ ಅದೇ ದಾರಿಯಲ್ಲಿ ನಿಲ್ಲದೆ ಹೋಗಿ ಬಂದಿತ್ತು. ಡೀಸೆಲ್ ಹೆಚ್ಚಿದ್ದಷ್ಟೂ ಬೇಗ ನಿಲ್ಲುವುದು ಹೇಗೆ?

ಮಿಸ್ತ್ರಿ ಕಾಕಾ ಬಂದು ಹಾಳೆಗಳನ್ನು ಬಗ್ಗಿ ನೋಡಿದರು. ಏಳು ಸುತ್ತು, ಏಳು ಅಂಕಿ.

"ಮೇಡಂರಿ, ಸಿಟ್ಟ ಮಾಡ್ಕೋಬ್ಯಾಡ್ರಿ. ನೀವು ಪರೀಕ್ಷಾ ಮಾಡಿದ್ದು ಗಾಡೀದಲ್ಲ, ಅಳತಿ ಕೋಲಿಂದು. ಉಣ್ಣು ಕೂಸಿಗಿ ತುತ್ತಿಗೊಮ್ಮೆ ಬಾಯಿ ತಗಸಿ ನೋಡಿದ್ರ, ಅದು ಯಾಕ ಉಣವಲ್ದು ಅನ್ನೂದು ಹೆಂಗ ತಿಳೀಬೇಕು? ಹೋಗೂ ದಾರಿ ಹೋಗಿ ಬರ್ರಿ, ನಡುವ ಮುಟ್ಟಬ್ಯಾಡ್ರಿ."

ಅವರು ಚೇಷ್ಟೆಗೆ ಹೇಳಿದ್ದು. ಕಾರಣ ಅವರಿಗೂ ಹೊಳೆದಿರಲಿಲ್ಲ. ಆದರೆ ಆ ಮಾತು ನನ್ನೊಳಗೆ ಸರಿಯಾದ ಜಾಗಕ್ಕೆ ಹೋಗಿ ಕೂತಿತು. ಪ್ರತಿ ನಾಲ್ಕು ಕಿಲೋಮೀಟರಿಗೆ ನಾನು ಮುಚ್ಚಳ ತೆರೆದಿದ್ದೆ. ತೆರೆದಾಗಲೆಲ್ಲ ಟಾಕಿಯೊಳಗೆ ಗಾಳಿ ಹೋಗುತ್ತಿತ್ತು. ರಸ್ತೆಯಲ್ಲಿ ಚಾಲಕನ ಕೈಯಲ್ಲಿ ಕೀಲಿಕೈ ಇರಲಿಲ್ಲ.

ಮಾರನೆಯ ದಿನ ಅಧಿಕಾರಿಯ ಅನುಮತಿ ಪಡೆದು ಗಾಡಿ ಹೊರತೆಗೆದೆ. ಚಾಲಕನೇ ಓಡಿಸಬೇಕು ಎಂದು ಹಟ ಹಿಡಿದು ಅವನನ್ನೂ ಕರೆಸಿದೆ. ಟಾಕಿ ತುಂಬಿಸಿ, ಕೀಲಿ ಹಾಕಿ, ಕೀಲಿಕೈಯನ್ನು ಕರ್ಚೀಫಿನಲ್ಲಿ ಕಟ್ಟಿ ಚೀಲದಲ್ಲಿಟ್ಟುಕೊಂಡೆ. ಉಗಾರ ಬುದ್ರುಕದ ಆ ಹೊಲದ ಬದಿಯಿಂದಲೇ ಹೊರಟೆವು.

ಸ್ವಲ್ಪ ದೂರ ಹೋದೆವು. ಆಮೇಲೆ ಅವನೇ, "ಅಕ್ಕಾರ, ಇವತ್ತ ನಿಲ್ಲಲಿಲ್ಲಂದ್ರ ನಾ ಕಳ್ಳ ಆಗತೀನಿ. ನಿಂತ್ರ ಆ ಹುಡಗಿ ನೆನಪಾಗತಾಳ. ಏನಂತ ದೇವರಿಗೆ ಬೇಡ್ಕೋಬೇಕೋ ತಿಳೀವಲ್ದು," ಎಂದ.

ಶೇಡಬಾಳ ದಾಟಿದ ಮೇಲೆ ನಾನು ಕಿಲೋಮೀಟರ್ ಕಲ್ಲುಗಳನ್ನೇ ನೋಡುತ್ತಿದ್ದೆ. ಎಂಜಿನ್ನಿನ ಸದ್ದು ತೆಳುವಾಯಿತು. ಗಾಡಿ ಒಮ್ಮೆ ಮುಗ್ಗರಿಸಿ ಚೇತರಿಸಿಕೊಂಡಿತು, ಮತ್ತೊಮ್ಮೆ ಮುಗ್ಗರಿಸಿತು, ನಿಂತಿತು. ಚಾಲಕ ಸ್ಟೇರಿಂಗ್ ಮೇಲೆ ಹಣೆ ಇಟ್ಟ. "ಇಲ್ಲೇರಿ. ಆ ಬೇವಿನ ಗಿಡಾ ಅವತ್ತ ಒಂದೀಟ ಮುಂದ ಇತ್ತು, ಅಷ್ಟ."

ಬಾನೆಟ್ ಎತ್ತಿ ಕೈಪಂಪಿನ ಗುಂಡಿಯನ್ನು ಮೇಲಕ್ಕೆಳೆದೆ. ಬಿಟ್ಟ ಕೂಡಲೇ ಒಳಗಿನಿಂದ ಯಾರೋ ಸೆಳೆದುಕೊಂಡ ಹಾಗೆ ಅದು ಕೆಳಗಿಳಿಯಿತು. ಟಾಕಿಯ ತುಂಬ ಡೀಸೆಲ್ ಇದೆ, ಪಂಪು ಎಳೆಯುತ್ತಿದೆ, ಬರುತ್ತಿಲ್ಲ. ಬದಿಗೆ ಹೋಗಿ ಕೀಲಿ ತಿರುವಿದೆ. ಮುಚ್ಚಳ ಸುಲಭಕ್ಕೆ ಏಳಲಿಲ್ಲ. ಎರಡೂ ಕೈ ಹಾಕಿ ಎಳೆದಾಗ ಟಾಕಿ ಉಸಿರು ಒಳಗೆಳೆದುಕೊಂಡಿತು. ಸುಸ್ಸೆಂಬ ಆ ಉದ್ದನೆಯ ಸದ್ದು ನಿಲ್ಲುವವರೆಗೂ ನಾವಿಬ್ಬರೂ ಅಲ್ಲಾಡಲಿಲ್ಲ.

"ಈಗ ಹೊಡೀರಿ ಮಾಮಾ."

ಎರಡು ಸಲ ಕೈಪಂಪು ಒತ್ತಿದೆ. ಎಂಜಿನ್ ಮೊದಲ ತಿರುವಿಗೇ ಹಿಡಿಯಿತು.

ಹೋದಷ್ಟು ಡೀಸೆಲ್ಲಿನ ಜಾಗಕ್ಕೆ ಅಷ್ಟೇ ಗಾಳಿ ಬರಬೇಕು. ಆ ಸಣ್ಣ ತೂತು ಇರುವುದು ಅದಕ್ಕೇ. ಅದು ಮುಚ್ಚಿದರೆ ಟಾಕಿ ಡೀಸೆಲ್ಲನ್ನು ಬಿಡುವುದಿಲ್ಲ. ತುಂಬಿದ ಟಾಕಿಯಲ್ಲಿ ಗಾಳಿ ಕಡಿಮೆ, ಆದ್ದರಿಂದ ಬೇಗ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಕಾದರೆ ರಬ್ಬರಿನ ಸಂದಿಯಿಂದ ಅಷ್ಟಿಷ್ಟು ಗಾಳಿ ಸೋರಿ ಮತ್ತೆ ಓಡುತ್ತದೆ. ಇದನ್ನೆಲ್ಲ ಚಾಲಕನಿಗೆ ವಿವರಿಸುತ್ತ, ತೆಳು ತಂತಿಯಿಂದ ಮುಚ್ಚಳದ ತೂತನ್ನು ಕೆದಕಿದೆ. ಕಪ್ಪು ಜಿಡ್ಡು ಬಂತು. ಅದರ ಕೆಳಗೆ ಒಣಗಿ ಕಲ್ಲಾದ ಒಂದು ಎಳೆ ಬಂತು. ಬೆರಳಲ್ಲಿ ಒರೆಸಿದರೆ ಹಳದಿ.

ಚಾಲಕ ನನ್ನ ಬೆರಳು ನೋಡಿದ. ಆಮೇಲೆ ರಸ್ತೆಯ ಅಂಚಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಇದನ್ನ ಬರೀತೀರೇನ್ರಿ?" ಎಂದ.

"ಬರೀಬೇಕಲ್ರಿ ಮಾಮಾ. ಇದರಿಂದ ನೀವು ಕಳ್ಳರಲ್ಲ ಅಂತಾಗತೈತಿ."

"ವಿಚಾರಣಾ ಅಂದ್ರ ಎಲ್ಲಾರ ಮುಂದ ಓದತಾರ. ಸಂಜಿಯೊಳಗ ಐನಾಪುರಕ ಮುಟ್ಟತೈತಿ. ಅವ್ವ ಆ ಹುಡಗಿ ಸತ್ತಾಗಿಂದ ಒಂದಹೊತ್ತಿನ ಊಟಾ ಬಿಟ್ಟಾಳ. ಭಂಡಾರ ಹಚ್ಚೂದು ಕಡಿಮಿ ಆತೋ ಏನೋ ಅಂತ ಎರಡೆರಡ ಸಲ ದೇವರ ಮುಂದ ಕುಂದರತಾಳ. ಅಕಿ ಕೈಲೇ ಆಗೇತಿ ಅಂತ ತಿಳದ್ರ..." ಅವನು ಎದ್ದು ನಿಂತ. "ಕಳ್ಳ ಅಂತನ ಬರೀರಿ ಅಕ್ಕಾರ. ಕೆಲಸಾ ಹ್ವಾದ್ರ ಕುರಿ ಕಾಯ್ತೀನಿ. ಅಕಿ ನನ್ನ ಕಳ್ಳ ಅಂತ ನಂಬೂದಿಲ್ಲ. ಆದ್ರ ಇದನ್ನ ನಂಬತಾಳ."

ವಾಪಸು ಬರುವಾಗ ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಕಾಲೇಜಿನಲ್ಲಿ ನಮಗೆ ಕಲಿಸಿದ್ದು ಕಂಡದ್ದನ್ನು ಕಂಡಷ್ಟೇ ಬರೆಯುವುದನ್ನು. ಕಂಡದ್ದರಲ್ಲಿ ಎಷ್ಟನ್ನು ಬರೆಯಬೇಕು ಎಂದು ಯಾರೂ ಕಲಿಸಿರಲಿಲ್ಲ.

ವರದಿಯನ್ನು ಮೂರು ಸಲ ಬರೆದು ಹರಿದೆ. ನಾಲ್ಕನೆಯದರಲ್ಲಿ ಹೀಗಿತ್ತು: ಕೀಲಿ ಮುಚ್ಚಳದ ಗಾಳಿತೂತು ಧೂಳು, ಡೀಸೆಲ್ ಮತ್ತು ಎಣ್ಣೆಯ ಗಟ್ಟಿ ಜಿಡ್ಡಿನಿಂದ ಪೂರ್ತಿ ಮುಚ್ಚಿತ್ತು, ಚಾಲಕನ ಬಳಿ ಕೀಲಿಕೈ ಇಲ್ಲದ್ದರಿಂದ ರಸ್ತೆಯಲ್ಲಿ ಅವನಿಗೆ ಇದು ತಿಳಿಯುವ ದಾರಿ ಇರಲಿಲ್ಲ, ಎರಡೂ ಪರೀಕ್ಷೆಗಳಲ್ಲಿ ನಾನು ಪದೇ ಪದೇ ಮುಚ್ಚಳ ತೆರೆದದ್ದರಿಂದ ದೋಷ ಹೊರಬೀಳಲಿಲ್ಲ, ಅದು ನನ್ನ ತಪ್ಪು. ಬರೆದದ್ದರಲ್ಲಿ ಒಂದೂ ಸುಳ್ಳಲ್ಲ. ಒಂದು ಪದಾರ್ಥದ ಹೆಸರನ್ನು ಮಾತ್ರ ಬಿಟ್ಟಿದ್ದೆ.

ಅಧಿಕಾರಿ ಓದಿ ಕನ್ನಡಕ ತೆಗೆದಿಟ್ಟರು. "ಕೀಲಿ ಹಾಕಿಸಿದವ ನಾನು. ಅಂದ್ರ ನಂದ ತಪ್ಪು ಅಂತೀರೇನು?"

"ನಂದು ಅಂತ ಬರದೀನಲ್ರಿ ಸರ್."

ಅವರು ಆ ಸಾಲನ್ನು ಮತ್ತೊಮ್ಮೆ ಓದಿದರು. ಕಳವಿನ ಮಾತು ಅಲ್ಲಿಗೆ ಮುಗಿಯಿತು. ಎಲ್ಲ ಗಾಡಿಗಳ ಕೀಲಿ ಮುಚ್ಚಳ ತೆಗೆಸಿದರು. ನನ್ನ ತರಬೇತಿಯನ್ನು ಇನ್ನೂ ಆರು ತಿಂಗಳು ಮುಂದುವರಿಸಿದರು. ಅದು ನ್ಯಾಯವೇ ಆಗಿತ್ತು. ಆ ಹೆಣ್ಣುಮಗಳ ಗಂಡ ಅಷ್ಟರಲ್ಲಿ ಟೋಳಿ ಬಿಟ್ಟು ತನ್ನೂರಿಗೆ ಹೋಗಿದ್ದ. ಗಾಡಿ ಯಾಕೆ ನಿಂತಿತೆಂದು ಅವನಿಗೆ ಯಾರೂ ಹೇಳಲಿಲ್ಲ. ವಿಳಾಸ ಕಡತದಲ್ಲಿತ್ತು. ನಾನೂ ಬರೆಯಲಿಲ್ಲ.

ಚಾಲಕನಿಗೆ ಗಾಡಿ ವಾಪಸು ಕೊಡುವ ದಿನ ನಾನೇ ಐನಾಪುರಕ್ಕೆ ಹೋದೆ. ಟಾಕಿಗೆ ಮೊದಲಿನ ಸಾದಾ ಮುಚ್ಚಳವನ್ನೇ ತೊಳೆದು, ಹೊಸ ರಬ್ಬರ್ ಸುತ್ತು ಕೂರಿಸಿ ಹಾಕಿಸಿದ್ದೆ. ಈಗ ಅದೂ ಬಿಗಿಯಾಗಿ ಕೂರುತ್ತಿತ್ತು, ಅದಕ್ಕೂ ಗಾಳಿತೂತು ಒಂದೇ.

ಅವನ ತಾಯಿ ಬಾಗಿಲಲ್ಲೇ ನನ್ನ ಗದ್ದ ಹಿಡಿದು ಮುದ್ದಿಸಿದರು. "ನನ್ನ ಮಗನ ಮ್ಯಾಲಿನ ಹೊಲಸ ತೊಳದಿ ನನ್ನವ್ವಾ. ಅಲ್ಲಾ, ಗಾಡ್ಯಾಗ ಏನಾಗಿತ್ತ?"

"ಕಸಾ ಸಿಕ್ಕಿತ್ತಬೇ, ಎಷ್ಟ ಸಲ ಹೇಳೂದು," ಎಂದ ಮಗ, ನಾನು ಬಾಯಿ ತೆರೆಯುವ ಮೊದಲೇ.

"ಸಿಕ್ತಲ್ಲ, ಮುಗೀತು ಬಿಡು." ಅವರು ಒಳಗೆ ಹೋಗಿ ಭಂಡಾರದ ಚೀಲ ತಂದರು. ಅಂಗೈಯಲ್ಲಿ ಹಾಕಿಕೊಂಡರು. ಎರಡು ಹನಿ ಎಣ್ಣೆ ಬಿಟ್ಟು ಕಲಸಿದರು. ಗಾಡಿಯ ಬದಿಗೆ ನಡೆದರು.

ನಾನು ಇದನ್ನು ಮೊದಲೇ ಯೋಚಿಸಿರಬೇಕಿತ್ತು. ವರದಿಯ ಒಂದೊಂದು ಪದವನ್ನೂ ತೂಗಿ ಬರೆದವಳು ಈ ಒಂದು ಕ್ಷಣಕ್ಕೆ ಏನನ್ನೂ ಸಿದ್ಧಮಾಡಿಕೊಂಡಿರಲಿಲ್ಲ. ಅವರ ಹೆಬ್ಬೆರಳು ಮುಚ್ಚಳದ ಹತ್ತಿರ ಹೋಯಿತು. ಚಾಲಕ ಬೇರೆ ಕಡೆ ಮುಖ ಮಾಡಿದ. ಅವನು ಬೇಡವೆನ್ನಲಾರ. ಇಂದು ಸುಮ್ಮನಿದ್ದರೆ ಇನ್ನು ತಿಂಗಳಿಗೆ ಇನ್ನೊಬ್ಬರು ಆ ಹಲಗೆಯ ಮೇಲೆ ಮಲಗಿರುವಾಗ ಗಾಡಿ ನಿಲ್ಲುತ್ತದೆ.

"ಆಯಿ, ಅಲ್ಲಿ ಬ್ಯಾಡ್ರಿ. ಮುಂದ ಬಾನೆಟ್ಟಿಗೆ ಹಚ್ಚರಿ."

ಅವರ ಕೈ ನಿಂತಿತು. "ಯಾಕವಾ? ಬಾಯಿಗೆ ಬ್ಯಾಡೇನು?"

"ಬ್ಯಾಡ್ರಿ."

ಬಣ್ಣ ಹೋಗುತ್ತದೆ ಎನ್ನಬಹುದಿತ್ತು, ಸಾಹೇಬರು ಬೈಯುತ್ತಾರೆ ಎನ್ನಬಹುದಿತ್ತು. ಯಾವುದೂ ಬಾಯಿಗೆ ಬರಲಿಲ್ಲ. ಅವರು ನನ್ನ ಮುಖ ನೋಡಿದರು. ಮುಚ್ಚಳದ ನಡುವಿನ ಸಣ್ಣ ತೂತನ್ನು ನೋಡಿದರು. ತಮ್ಮ ಹೆಬ್ಬೆರಳು ನೋಡಿಕೊಂಡರು. ಕೊನೆಗೆ, ಗಾಲಿಯನ್ನೇ ನೋಡುತ್ತ ನಿಂತಿದ್ದ ಮಗನನ್ನು ನೋಡಿದರು. ಎಪ್ಪತ್ತು ವರ್ಷ ಮೂಕ ಪ್ರಾಣಿಗಳ ರೋಗವನ್ನು ಮುಖ ನೋಡಿಯೇ ತಿಳಿದುಕೊಂಡ ಹೆಂಗಸು ಅವರು.

ಅಂಗೈಯಲ್ಲಿದ್ದುದನ್ನು ಸೆರಗಿಗೆ ನಿಧಾನವಾಗಿ ಒರೆಸಿಕೊಂಡರು. ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ ಒರೆಸಿದರು. ಚೀಲದ ಬಾಯಿ ಕಟ್ಟಿ ಹೊಸ್ತಿಲ ಮೇಲೆ ಕೂತರು. "ಹೋಗಿ ಬರ್ರಿ," ಎಂದರು, ಯಾರ ಕಡೆಗೂ ನೋಡದೆ.

ಅಂದು ಟೋಳಿಯ ಒಬ್ಬ ಮುದುಕನಿಗೆ ಜ್ವರ ಬಂದು ಮಿರಜಿಗೆ ಒಯ್ಯಬೇಕಾಯಿತು. ಗಾಡಿ ಹೋಗುವಾಗಲೂ ಬರುವಾಗಲೂ ಎಲ್ಲೂ ನಿಲ್ಲಲಿಲ್ಲ.

ಮುಂದಿನ ವಾರ ಅದು ಶೆಡ್ಡಿಗೆ ಬಂದಾಗ ನಾನು ಮೊದಲು ಟಾಕಿಯ ಮುಚ್ಚಳ ನೋಡಿದೆ. ತೂತು ತೆರೆದಿತ್ತು, ಶುಭ್ರವಾಗಿತ್ತು. ಆಮೇಲೆ ಮುಂದೆ ಹೋಗಿ ಬಾನೆಟ್ ನೋಡಿದೆ. ಅಲ್ಲಿಯೂ ಅರಿಶಿನ ಇರಲಿಲ್ಲ.